ಜೀಪಿನ ಹಿಂದಿನ ಬ್ರೇಕು: 9 ಇಂಚಿನಿಂದ 11 ಇಂಚಿಗೆ ಆರು ವಾರ

ಬಸವ ಜಯಂತಿಯ ಮರುದಿನ ಬಿಚ್ಚಿದ ಜೀಪಿನ ಹಿಂದಿನ ಚಕ್ರಗಳು ಮತ್ತೆ ನೆಲದ ಮೇಲೆ ನೆಟ್ಟಗೆ ನಿಂತದ್ದು ಕಾರಹುಣ್ಣಿಮೆಯ ಹಿಂದಿನ ದಿನ. ನಾಲ್ಕು ದಿನದ ಕೆಲಸವೆಂದು ಶುರು ಮಾಡಿದ್ದು ಆರು ವಾರ ಹಿಡಿಯಿತು. ಹನ್ನೆರಡು ಸಾವಿರ ರೂಪಾಯಿಯಲ್ಲಿ ಮುಗಿದೀತು ಎಂದುಕೊಂಡದ್ದು 22,500ಕ್ಕೆ ಹೋಗಿ ಮುಟ್ಟಿತು. ಉಗುರಿನ ಸಂದಿಯ ಗ್ರೀಸು ಇನ್ನೂ ಹೋಗಿಲ್ಲ. ಆದರೂ ಈಗಲೇ ಬರೆದಿಡುತ್ತಿರುವುದಕ್ಕೆ ಕಾರಣ, ಇದೇ ಕೆಲಸಕ್ಕೆ ಕೈಹಾಕಬೇಕೆಂದು ಕೂತಿರುವ ಗೆಳೆಯರು ಹುಬ್ಬಳ್ಳಿಯಲ್ಲಿ ಇಬ್ಬರು, ರಾಣೆಬೆನ್ನೂರಿನಲ್ಲಿ ಒಬ್ಬರು ಇದ್ದಾರೆ ಮತ್ತು ಮೂವರೂ ನನ್ನಂತೆಯೇ ಇದನ್ನು ಡ್ರಮ್ಮು ಬದಲಿಸುವ ಕೆಲಸ ಎಂದು ತಿಳಿದಿದ್ದಾರೆ.

ನಮ್ಮದು 1976ರ ಮಹೀಂದ್ರಾ ಸಿಜೆ-3ಬಿ. ಎತ್ತರದ ಬಾನೆಟ್ಟಿನ, ಪೆಟ್ರೋಲ್ ಎಂಜಿನ್ನಿನ, ಅಣ್ಣಿಗೇರಿ ಕಡೆಯ ನಮ್ಮ ಎರೆಹೊಲಕ್ಕೂ ಹುಬ್ಬಳ್ಳಿಯ ಮನೆಗೂ ನಡುವೆ ಮೂರು ದಶಕ ಓಡಾಡಿದ ಗಾಡಿ. ಈ ಮಾದರಿಗೆ ಮೂಲದಲ್ಲಿ ನಾಲ್ಕೂ ಚಕ್ರಗಳಿಗೆ 9 ಇಂಚು ವ್ಯಾಸದ, ಒಂದೂಮುಕ್ಕಾಲು ಇಂಚು ಅಗಲದ ಡ್ರಮ್ ಬ್ರೇಕುಗಳಿದ್ದವು. ಡ್ರಮ್ಮು ಎಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ಬಟ್ಟಲು; ಅದರೊಳಗಿನ ಶೂಗಳು ಹೊರಕ್ಕೆ ಚಾಚಿ ಅದನ್ನು ಒತ್ತಿ ನಿಲ್ಲಿಸುತ್ತವೆ. ನಮ್ಮ ಜೀಪಿನ ಮುಂದಿನ ಬ್ರೇಕುಗಳನ್ನು ಹಿಂದಿನ ಮಾಲೀಕರು ಯಾವಾಗಲೋ 11 ಇಂಚಿಗೆ ಬದಲಿಸಿದ್ದರು. ಹಿಂದಿನವು ಮಾತ್ರ ಹಳೆಯವೇ ಉಳಿದಿದ್ದವು. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಯುಗಾದಿಯ ನಂತರದ ಒಂದು ಸಂಜೆ ಹೊಸೂರು ವೃತ್ತದಲ್ಲಿ ಸಿಗ್ನಲ್ ಬಿದ್ದಾಗ ಪೆಡಲ್ ತುಳಿದರೆ ಅದು ಕೆಸರಿನಲ್ಲಿ ಕಾಲಿಟ್ಟಂತೆ ನೆಲದವರೆಗೂ ಹೋಯಿತು. ಮೂರು ಬಾರಿ ಪಟಪಟನೆ ಒತ್ತಿದ ಮೇಲೆ ಗಾಡಿ ನಿಂತಿತು, ಎದುರಿನ ಚಿಗರಿ ಬಸ್ಸಿಗೆ ಒಂದು ಮೊಳ ಬಾಕಿ ಇರುವಾಗ. ಮನೆಗೆ ತಂದು ನೋಡಿದರೆ ಶೂಗಳನ್ನು ನೂಕುವ ಎಡಹಿಂಬದಿಯ ವೀಲ್ ಸಿಲಿಂಡರಿನಿಂದ ಬ್ರೇಕಿನ ಎಣ್ಣೆ ಸೋರಿ ಟೈರಿನ ಒಳಮೈ ಒದ್ದೆಯಾಗಿತ್ತು. ಸಿಲಿಂಡರಿನದು ತಪ್ಪಲ್ಲ. ವರ್ಷವರ್ಷವೂ ಲೇಥಿನಲ್ಲಿ ಕೆತ್ತಿಸುತ್ತ ಬಂದ ಡ್ರಮ್ಮಿನ ಒಳವ್ಯಾಸ 9.110 ಇಂಚಿಗೆ ಬಂದಿತ್ತು. ಸಾಮಾನ್ಯವಾಗಿ 60 ಥೌ, ಅಂದರೆ ಇಂಚಿನ ಸಾವಿರದಲ್ಲಿ ಅರವತ್ತು ಭಾಗಕ್ಕಿಂತ ಹೆಚ್ಚು ಕೆತ್ತಬಾರದು. ಡ್ರಮ್ಮಿನ ಒಳವ್ಯಾಸ ಹೆಚ್ಚಿದಷ್ಟೂ ಶೂಗಳು ದೂರ ಚಾಚಬೇಕು, ಅವುಗಳನ್ನು ನೂಕುವ ಪಿಸ್ಟನ್ನು ಸಿಲಿಂಡರಿನ ಬಾಯಿಯವರೆಗೂ ಬರಬೇಕು. ಅಲ್ಲಿ ರಬ್ಬರ್ ಕಪ್ಪು ಹಿಡಿತ ಬಿಡುತ್ತದೆ. ಈ ಜೀಪಿನಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಎಣ್ಣೆಯ ಸಾಲು ಇರುವುದರಿಂದ ಒಂದು ಕಡೆ ಸೋರಿದರೆ ನಾಲ್ಕೂ ಕಡೆ ಬ್ರೇಕು ಹೋದಂತೆಯೇ.

ನಂಬಿಕೆಗೆ ಅರ್ಹವಾದ 9 ಇಂಚಿನ ಡ್ರಮ್ಮು ನನಗೆ ಹುಬ್ಬಳ್ಳಿಯಲ್ಲಿ ಸಿಗಲಿಲ್ಲ. ತೋರಿಸಿದ ಎರಡರಲ್ಲಿ ಒಂದಕ್ಕೆ ಕೂದಲೆಳೆಯ ಬಿರುಕಿತ್ತು, ಇನ್ನೊಂದು ಆಗಲೇ 50 ಥೌ ಕೆತ್ತಿಸಿಕೊಂಡು ಬಂದಿತ್ತು. ಮುಂದೆ ಹೇಗೂ 11 ಇಂಚು ಇದೆಯಲ್ಲ, ಹಿಂದೆಯೂ ಅದನ್ನೇ ಹಾಕೋಣ ಎಂಬ ವಿಚಾರ ಬಂದದ್ದು ಹೀಗೆ. ಇದು ಹೊಸ ವಿಚಾರವೇನಲ್ಲ. ಜೀಪಿನ ಮೂಲ ಅಮೆರಿಕನ್ ತಯಾರಕರಾದ ವಿಲ್ಲಿಸ್ ಕಾಲದಿಂದಲೂ ಜೀಪಿನ ಅಣ್ಣತಮ್ಮಂದಿರಾದ ಪಿಕಪ್ ಟ್ರಕ್ಕುಗಳಿಗೆ 11 ಇಂಚು ವ್ಯಾಸದ, 2 ಇಂಚು ಅಗಲದ ಬ್ರೇಕುಗಳಿದ್ದವು, ಅವನ್ನು ತಂದು ಜೀಪಿಗೆ ಕೂಡಿಸುವುದು ಹಳೆಯ ರೂಢಿ. ನನ್ನ ಮೇಸ್ತ್ರಿಯೂ ಹುರುಪಿನಿಂದಲೇ ಇದ್ದರು. "ದೊಡ್ಡ ಡ್ರಮ್ ಕುಂತಿತು ಅಂದ್ರ ಜೀಪು ಗಕ್ಕನ ನಿಂದರತೈತಿ, ಚಿಂತಿ ಬಿಡ್ರಿ" ಎಂದರು. ಅವರ ಮಾತು ಅರ್ಧ ನಿಜವಾಯಿತು, ಆದರೆ ಅದು ಮೂರು ವಾರಗಳ ನಂತರದ ಕಥೆ.

ಗುಜರಿಗೆ ಹೋಗುವ ಮೊದಲು ಅಳತೆ ತೆಗೆಯಬೇಕು. ನಾನು ಶೂಗಳನ್ನು ಹೊರುವ ಹಳೆಯ ಬ್ಯಾಕ್ ಪ್ಲೇಟಿನ ಮೇಲೆ ದಪ್ಪ ರಟ್ಟಿಟ್ಟು ಬೋಲ್ಟಿನ ರಂಧ್ರಗಳನ್ನೂ ನಡುವಿನ ಬಾಯಿಯನ್ನೂ ಗುರುತು ಮಾಡಿಕೊಂಡು ಕತ್ತರಿಸಿದೆ; ಜೊತೆಗೆ ಸೂಕ್ಷ್ಮವಾಗಿ ಅಳೆಯುವ ಒಂದು ವರ್ನಿಯರ್ ಒಯ್ದೆ. ಚಕ್ರದ ಐದು ಸ್ಟಡ್ಡುಗಳು, ಅಂದರೆ ನಟ್ಟು ಹಾಕುವ ಮೊಳೆಗಳು, ಕೂರುವ ವೃತ್ತದ ವ್ಯಾಸ ಐದೂವರೆ ಇಂಚು, ಅಂದರೆ 139.7 ಮಿಲಿಮೀಟರ್. ಈ ಅಳತೆ ಈ ವಂಶದ ಗಾಡಿಗಳಲ್ಲಿ ಬೊಲೆರೊವರೆಗೂ ನಡೆದು ಬಂದಿರುವುದರಿಂದ ಚಕ್ರ ಕೂಡುತ್ತದೆ ಎಂಬ ಒಂದೇ ಕಾರಣಕ್ಕೆ ಮರುಳಾಗುವುದು ಸುಲಭ. ಚಕ್ರ ಕೂಡಿದರೆ ಪ್ಲೇಟು ಕೂಡಬೇಕೆಂದಿಲ್ಲ. ಹಳೇ ಹುಬ್ಬಳ್ಳಿಯ ಕಡೆ ಮೂರು ಸಲ ಅಲೆದೆ. ಮೊದಲ ಸಲ ತೋರಿಸಿದ್ದರ ರಂಧ್ರಗಳು ಹೊಂದಲಿಲ್ಲ. ಎರಡನೆಯ ಸಲ ಒಂದೇ ಕಡೆಯದು ಸಿಕ್ಕಿತು. ಮೂರನೆಯ ಸಲ ಅಪಘಾತವಾಗಿ ಬಂದಿದ್ದ ಹಳೆಯ ಪಿಕಪ್ಪಿನ ಹಿಂದಿನ ಆಕ್ಸಲ್ಲು (ಚಕ್ರಗಳ ಅಚ್ಚು) ಇಡಿಯಾಗಿ ಸಿಕ್ಕಿ, ರಟ್ಟಿನ ರಂಧ್ರಗಳೆಲ್ಲ ಅದರ ಪ್ಲೇಟಿನ ಮೇಲೆ ಒಂದರ ಮೇಲೊಂದು ಕೂತವು. ಎರಡೂ ಬದಿಯ ಡ್ರಮ್ಮು, ಪ್ಲೇಟು, ಶೂ, ಸಿಲಿಂಡರು ಸೇರಿ 6,500 ರೂಪಾಯಿ.

ಇಲ್ಲೊಂದು ಕಿವಿಮಾತು. ಗುಜರಿಯವರು ಚೀಟಿ ಕೊಡಲು ಹಿಂಜರಿಯುತ್ತಾರೆ, ನೀವು ಬಿಡಬೇಡಿ. ಯಾವ ಗಾಡಿಯಿಂದ ತೆಗೆದದ್ದು, ಅದರ ನೋಂದಣಿ ಸಂಖ್ಯೆ ಮತ್ತು ಚಾಸಿ ಸಂಖ್ಯೆ ಏನು ಎಂಬುದನ್ನು ಬರೆಸಿಕೊಂಡೇ ದುಡ್ಡು ಕೊಡಿ. ಕದ್ದ ಗಾಡಿಯ ಬಿಡಿಭಾಗ ನಿಮ್ಮ ಜೀಪಿನಲ್ಲಿ ಸಿಕ್ಕರೆ ಉತ್ತರ ಹೇಳಬೇಕಾದವರು ನೀವು. ನನಗೆ ಆ ಚೀಟಿಗಾಗಿ ಒಂದು ಮಧ್ಯಾಹ್ನವೇ ಹೋಯಿತು.

ಬಿಚ್ಚುವ ಕೆಲಸ ಮನೆಯ ಹಿತ್ತಲಿನಲ್ಲಿ ಶುರುವಾಯಿತು. ಸಿಜೆ-3ಬಿಯ ಹ್ಯಾಂಡ್ ಬ್ರೇಕು ಹಿಂದಿನ ಚಕ್ರಗಳಲ್ಲಿಲ್ಲ. ಅದು ಎಂಜಿನ್ನಿನ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ, ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುವ ಪುಟ್ಟ ಡ್ರಮ್ಮು. ಇದರಿಂದ ಲಾಭವೂ ಇದೆ, ಅಪಾಯವೂ ಇದೆ. ಹಿಂದಿನ ಬ್ರೇಕು ಪೂರ್ತಿ ಬದಲಿಸಿದರೂ ಹ್ಯಾಂಡ್ ಬ್ರೇಕಿನ ಕೇಬಲ್ಲಿಗೆ ಕೈ ಹಚ್ಚಬೇಕಾಗಿಲ್ಲ ಎಂಬುದು ಲಾಭ. ಆದರೆ ಹಿಂದಿನ ಒಂದೇ ಚಕ್ರವನ್ನು ಜಾಕಿನಿಂದ ಎತ್ತಿದರೆ, ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ಲು ಆ ಚಕ್ರವನ್ನು ಗಾಳಿಯಲ್ಲಿ ತಿರುಗಲು ಬಿಟ್ಟು, ಹ್ಯಾಂಡ್ ಬ್ರೇಕು ಎಳೆದಿದ್ದರೂ ಗಾಡಿ ಉರುಳುತ್ತದೆ. ಮುಂದಿನ ಎರಡೂ ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಟ್ಟು, ಆಕ್ಸಲ್ಲಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ನಿಲ್ಲಿಸದೆ ಕೈ ಒಳಗೆ ಹಾಕಬೇಡಿ. ಶೂಗಳ ಮೇಲಿನ ಉಜ್ಜುಪಟ್ಟಿಯಾದ ಹಳೆಯ ಲೈನಿಂಗಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಆ ಧೂಳನ್ನು ಗಾಳಿಯಿಂದ ಊದಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಎಡಬದಿಯ ಚಕ್ರದ ನಟ್ಟುಗಳಿಗೆ ಎಡದಾರ ಇದೆ, ಮಾಮೂಲಿಗಿಂತ ಉಲ್ಟಾ ತಿರುಗಿಸಿ ಬಿಚ್ಚಬೇಕು ಎಂದು ನಾನು ಮೊದಲೇ ಹೇಳಿದ್ದೆ. ಮೇಸ್ತ್ರಿಯ ಜೊತೆಗೆ ಬಂದ ಹುಡುಗ ರೂಢಿಯ ಬಲದ ಮೇಲೆ ನಾಲ್ಕು ಅಡಿ ಪೈಪು ಹಾಕಿ ಮಾಮೂಲಿನಂತೆಯೇ ತಿರುಗಿಸಿ ಎರಡು ಸ್ಟಡ್ಡು ಮುರಿದ. ಹೇಗೂ ಹೊಸ ಸ್ಟಡ್ಡು ಹಾಕುವುದಿತ್ತು, ಹಾಗಾಗಿ ಸಿಟ್ಟು ಮಾಡಲಿಲ್ಲ. ಮುಂದಿನ ಗಾಡಿಯಲ್ಲಿ ಅವನು ಖಂಡಿತ ಕೇಳಿಯೇ ತಿರುಗಿಸುತ್ತಾನೆ.

ಚಕ್ರವೂ ಡ್ರಮ್ಮೂ ಕೂರುವ ನಡುವಿನ ಹಬ್ಬು ಮಾತ್ರ ಜಗ್ಗಲಿಲ್ಲ. ಈ ಆಕ್ಸಲ್ಲಿನ ತುದಿ ಶಂಕುವಿನಂತೆ ಸಪೂರವಾಗಿದ್ದು, ಅದರ ಮೇಲೆ ಹಬ್ಬು ಒಂದು ಕೀಲಿಯ ಸಹಾಯದಿಂದ ಬಿಗಿಯಾಗಿ ಕಚ್ಚಿ ಕೂತಿರುತ್ತದೆ. ಅದನ್ನು ಎಳೆದು ತೆಗೆಯುವ ಮಾಮೂಲು ಮೂರು ಕಾಲಿನ ಪುಲ್ಲರು ಮೊದಲ ದಿನವೇ ಬಾಗಿತು. ಆಕ್ಸಲ್ಲಿನ ತುದಿಗೆ ಸುತ್ತಿಗೆಯಿಂದ ಹೊಡೆಯೋಣವೇ ಎಂಬ ಸಲಹೆ ಬಂತು, ನಾನು ಒಪ್ಪಲಿಲ್ಲ. ಆ ಪೆಟ್ಟು ದಾರವನ್ನೂ ಒಳಗಿನ ಬೇರಿಂಗನ್ನೂ ಕೆಡಿಸುತ್ತದೆ. ಸರಿಯಾದ ಭಾರೀ ಪುಲ್ಲರು ಗದಗಿನ ಪರಿಚಯದವರೊಬ್ಬರ ಹತ್ತಿರ ಇತ್ತು. ಅವರ ಮನೆಯಲ್ಲಿ ಮದುವೆ, ಹಾಗಾಗಿ ಐದು ದಿನ ಕಾದೆ. ಅದನ್ನು ಕಟ್ಟಿ ಬಿಗಿ ಮಾಡಿ, ಸ್ವಲ್ಪ ಬಿಸಿ ತೋರಿಸಿ, ರಾತ್ರಿಯಿಡೀ ಹಾಗೇ ಬಿಟ್ಟೆವು. ಬೆಳಗಿನ ಜಾವ ಹಿತ್ತಲಿನಲ್ಲಿ ಪಟಾಕಿ ಹೊಡೆದಂತೆ ಸಪ್ಪಳವಾಗಿ ಮನೆಯವರೆಲ್ಲ ಎದ್ದರು. ಆಕ್ಸಲ್ಲಿನ ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕು ಸುತ್ತು ಉಳಿಸಿದ್ದೆವು, ಹಾಗಾಗಿ ಹಬ್ಬು ಅದಕ್ಕೆ ತಾಗಿ ನಿಂತಿತ್ತು. ಆ ನಟ್ಟು ಇರದಿದ್ದರೆ ಅಷ್ಟು ಭಾರದ ಕಬ್ಬಿಣ ಗೋಡೆಗೆ ಹಾರುತ್ತಿತ್ತು.

ಈ ಕೆಲಸದಲ್ಲಿ ಯಾರೂ ಮೊದಲೇ ಹೇಳದ ತೊಡಕು ಶಿಮ್ಮುಗಳದು. ಬ್ಯಾಕ್ ಪ್ಲೇಟು ಎಂದರೆ ಶೂಗಳನ್ನು ಹೊತ್ತುಕೊಳ್ಳುವ ತಗಡು ಎಂದಷ್ಟೇ ನಾನು ತಿಳಿದಿದ್ದೆ. ಈ ಆಕ್ಸಲ್ಲಿನಲ್ಲಿ ಅದಕ್ಕೆ ಇನ್ನೊಂದು ಕೆಲಸವಿದೆ: ಚಕ್ರದ ಬೇರಿಂಗಿನ ಹೊರ ಉಂಗುರವನ್ನು ಒಳಗೆ ಒತ್ತಿ ಹಿಡಿಯುವುದೂ ಅದೇ. ಪ್ಲೇಟಿಗೂ ಆಕ್ಸಲ್ ಕೊಳವೆಯ ಮುಖಕ್ಕೂ ನಡುವೆ ಹಾಳೆಯಷ್ಟು ತೆಳುವಾದ ಶಿಮ್ಮುಗಳಿರುತ್ತವೆ, ಆಕ್ಸಲ್ಲು ಒಳಗೆ ಹೊರಗೆ ಎಷ್ಟು ಅಲುಗಾಡಬೇಕು ಎಂಬುದನ್ನು ಅವು ತೀರ್ಮಾನಿಸುತ್ತವೆ. ಇರಬೇಕಾದ ಅಲುಗಾಟ ಕೆಲವೇ ಥೌ, 1ರಿಂದ 6ರೊಳಗೆ. ಬಿಚ್ಚುವಾಗ ಎಡದ್ದು ಯಾವುದು, ಬಲದ್ದು ಯಾವುದು ಎಂದು ನಾವು ಬೇರೆ ಮಾಡಿ ಇಡಲಿಲ್ಲ, ಎರಡು ಶಿಮ್ಮು ಹರಿದೇ ಹೋದವು. ಮೇಲಾಗಿ ಪಿಕಪ್ಪಿನ ಪ್ಲೇಟಿನ ನಡುವಿನ ಬಾಯಿಯ ತಗ್ಗು ನಮ್ಮ ಹಳೆಯದಕ್ಕಿಂತ ಕಡಿಮೆ ಇತ್ತು. ಎಲ್ಲ ಬಿಗಿದು ನೋಡಿದರೆ ಎರಡೂ ಕಡೆಯ ಆಕ್ಸಲ್ಲು ಕೈಯಿಂದ ತಿರುಗುತ್ತಲೇ ಇರಲಿಲ್ಲ. ಹಾಗೇ ಓಡಿಸಿದ್ದರೆ ಹತ್ತು ಹದಿನೈದು ಕಿಲೋಮೀಟರಿನಲ್ಲಿ ಬೇರಿಂಗು ಕಾದು ನೀಲಿಯಾಗುತ್ತಿತ್ತು. ಶಿಮ್ಮಿನ ತಗಡು ಹುಡುಕಿ, ಕತ್ತರಿಸಿ, ಹಾಕಿ, ಬಿಗಿದು, ಡಯಲ್ ಗೇಜಿನಿಂದ ಅಳೆದು, ಮತ್ತೆ ಬಿಚ್ಚಿ; ಹೀಗೆ ಏಳು ಸಲ ಆಯಿತು. ಕೊನೆಗೆ 4 ಥೌ ಬಂದಾಗ ಸಂಜೆ ಏಳು ಗಂಟೆ, ಮೇಸ್ತ್ರಿ ಬಾಯಿ ಮಾತಿಲ್ಲದೆ ಚಹಾ ಕುಡಿಯಲು ಎದ್ದು ಹೋದರು. ನೀವು ಬಿಚ್ಚುವ ಮೊದಲೇ ಗೇಜಿಟ್ಟು ಹಳೆಯ ಅಲುಗಾಟ ಎಷ್ಟಿತ್ತು ಎಂದು ಬರೆದಿಟ್ಟುಕೊಂಡು, ಪ್ರತಿ ಬದಿಯ ಶಿಮ್ಮುಗಳನ್ನು ತಂತಿಗೆ ಪೋಣಿಸಿಟ್ಟರೆ ಈ ಎರಡು ದಿನ ಉಳಿಯುತ್ತವೆ.

ಲೇಥಿನ ಕೆಲಸ ಗೋಕುಲ ರಸ್ತೆಯ ಕಡೆ ಚೆನ್ನಾಗಿಯೇ ಆಯಿತು. ಹಳೆಯ ಡ್ರಮ್ಮನ್ನು ಹಬ್ಬಿಗೆ ಹಿಡಿದಿದ್ದ ಸ್ಟಡ್ಡುಗಳ ತಲೆಯನ್ನು ಅಗಲವಾಗಿ ಬಡಿದು ಕೂರಿಸಿರುತ್ತಾರೆ. ಆ ಅಂಚನ್ನು ಕೆತ್ತಿ ತೆಗೆಯದೆ ಒತ್ತಿದರೆ ಹಬ್ಬಿನ ರಂಧ್ರವೇ ಹರಿಯುತ್ತದೆ, ಅಂಗಡಿಯವರಿಗೆ ಇದನ್ನು ಬಾಯಿಬಿಟ್ಟು ಹೇಳಿ. ಪಿಕಪ್ಪಿನ ಡ್ರಮ್ಮು 11.030 ಇಂಚಿಗೆ ಸಾಫಾಯಿತು, ಅಂದರೆ ಇನ್ನೊಂದು ಸಲ ಕೆತ್ತಿಸಲು ಅವಕಾಶ ಉಳಿಯಿತು. ಶೂಗಳಿಗೆ ಹೊಸ ಲೈನಿಂಗ್ ಹೊಡೆಸಿ, ಡ್ರಮ್ಮಿನ ಬಾಗಿಗೆ ಹೊಂದುವಂತೆ ಅದನ್ನು ಉಜ್ಜಿಸಿದೆ. ಹೊಸ ಸ್ಟಡ್ಡುಗಳು ಎರಡೂ ಬದಿಗೂ ಬಲದಾರದವೇ.

ಪೈಪಿನ ವಿಷಯದಲ್ಲಿ ಒಂದು ದಿನ ಸುಮ್ಮನೆ ಹೋಯಿತು. ನಮ್ಮ ಗಾಡಿಯ ಬ್ರೇಕ್ ಪೈಪಿನ ನಟ್ಟಿಗೆ ಇಂಚಿನ ಲೆಕ್ಕದ ದಾರ, ಮೂರೆಂಟಾಂಶ ಇಂಚು ದಪ್ಪಕ್ಕೆ ಇಂಚಿಗೆ 24 ಸುತ್ತು. ಹೊಸದಾಗಿ ತಂದ ಪೈಪಿನ ನಟ್ಟು ಮೆಟ್ರಿಕ್, 10 ಮಿಲಿಮೀಟರ್ ದಪ್ಪಕ್ಕೆ 1 ಮಿಲಿಮೀಟರ್ ಅಂತರ. ಕಣ್ಣಿಗೆ ಎರಡೂ ಒಂದೇ. ಮೊದಲ ಸುತ್ತು ಒಪ್ಪಿಕೊಂಡಂತೆ ಮಾಡಿ, ನಂತರ ಬಿಗಿಯಾಗಿ, ಬಲ ಹಾಕಿದರೆ ಸಿಲಿಂಡರಿನ ದಾರವನ್ನೇ ತಿಂದುಹಾಕುತ್ತದೆ. ಬೆರಳಿನಿಂದ ಸರಾಗವಾಗಿ ಇಳಿಯದ ನಟ್ಟಿಗೆ ಪಾನಾ ಹಚ್ಚಲೇಬೇಡಿ. ತಾಮ್ರದ ಪೈಪು ಬಗ್ಗಿಸಲು ಸುಲಭ ಎಂದು ಕೆಲವರು ಹಾಕುತ್ತಾರೆ, ಆದರೆ ಅದು ಅದುರಾಟಕ್ಕೆ ಗಡಸಾಗಿ ಬಿರಿಯುತ್ತದೆ. ಬಂಡಿ (Bundy) ಎಂಬ ಹೆಸರಿನ ಉಕ್ಕಿನ ಪೈಪನ್ನೇ ಕೇಳಿ ತನ್ನಿ. ಹೆಸರು ಕೇಳಿ ಎತ್ತಿನಗಾಡಿಗೆ ಹಾಕುವುದೇ ಎಂದು ನಮ್ಮ ತಂದೆ ನಕ್ಕರು. ಎಣ್ಣೆಸಾಲಿನೊಳಗಿನ ಗಾಳಿ ತೆಗೆಯುವಾಗ, ಪೆಡಲು ಒತ್ತುವ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರುಮಾಡಬೇಕು. ಬಲಬದಿಯ ಸ್ಟಿಯರಿಂಗಿನ ನಮ್ಮ ಜೀಪಿನಲ್ಲಿ ಅದು ಎಡ ಹಿಂಭಾಗ, ಆಮೇಲೆ ಬಲ ಹಿಂಭಾಗ, ನಂತರ ಮುಂದಿನ ಎಡ, ಕೊನೆಗೆ ಮುಂದಿನ ಬಲ. ಪೆಡಲಿಗೆ ಅರ್ಧ ಇಂಚು ಸಡಿಲು ಬಿಡದಿದ್ದರೆ ಎಣ್ಣೆ ಹಿಂದಿರುಗುವ ರಂಧ್ರ ಮುಚ್ಚಿಕೊಂಡು ಬ್ರೇಕು ತಾನೇ ಹಿಡಿದುಕೊಳ್ಳುತ್ತದೆ.

ಮೂರನೆಯ ವಾರದ ಕೊನೆಯ ಭಾನುವಾರ ತಾರಿಹಾಳ ಕೈಗಾರಿಕಾ ಪ್ರದೇಶದ ಖಾಲಿ ರಸ್ತೆಯಲ್ಲಿ ಮೊದಲ ಪರೀಕ್ಷೆ. ಒಣ ರಸ್ತೆಯ ಮೇಲೆ ಮೂವತ್ತರ ವೇಗದಲ್ಲಿ ಗಾಡಿ ಅಚ್ಚುಕಟ್ಟಾಗಿ ನಿಂತಿತು. ಮೇಸ್ತ್ರಿಗೆ ನೂರು ರೂಪಾಯಿ ಹೆಚ್ಚು ಕೊಟ್ಟೆ. ಎರಡು ದಿನದ ಮೇಲೆ ಮುಂಗಾರಿಗೆ ಮೊದಲಿನ ಜೋರು ಮಳೆ ಬಂತು. ಅದೇ ರಸ್ತೆಯಲ್ಲಿ ನಲವತ್ತರ ವೇಗದಲ್ಲಿದ್ದಾಗ ನಾಯಿಯೊಂದು ಅಡ್ಡ ಬಂದು, ತುಳಿದೆ. ಹಿಂದಿನ ಎರಡೂ ಚಕ್ರಗಳು ಗಕ್ಕನೆ ನಿಂತವು, ಜೀಪು ಮಾತ್ರ ನಿಲ್ಲಲಿಲ್ಲ. ಹಿಂಭಾಗ ಬಲಕ್ಕೆ ಜಾರಿ, ಗಾಡಿ ಅಡ್ಡಡ್ಡವಾಗಿ ತೇಲಿ, ರಸ್ತೆಯ ಅಂಚಿನ ಜಾಲಿಗೆ ಬೆನ್ನು ಕೊಟ್ಟು ನಿಂತಿತು. ನಾಯಿಗೂ ನನಗೂ ಏನೂ ಆಗಲಿಲ್ಲ. ಇಳಿದು ನಿಂತಾಗ ಮೊಣಕಾಲು ನಡುಗುತ್ತಿದ್ದವು, ಸುಮಾರು ಅರ್ಧ ಗಂಟೆ ಮಳೆಯಲ್ಲೇ ಬಾನೆಟ್ಟು ಹಿಡಿದು ನಿಂತಿದ್ದೆ.

ಲೈನಿಂಗಿಗೆ ಗ್ರೀಸು ತಗಲಿರಬೇಕು ಎಂದು ಬಿಚ್ಚಿ ನೋಡಿದೆವು, ತಗಲಿರಲಿಲ್ಲ. ಶೂ ಬಿಗಿಯಾಗಿದೆ ಎಂದು ಸಡಿಲಿಸಿದೆವು. ಪೆಡಲು ಕೆಳಗೆ ಹೋಯಿತೇ ಹೊರತು ಜಾರುವುದು ತಪ್ಪಲಿಲ್ಲ. ಆ ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದಾಗಲೇ ಹೊಳೆದದ್ದು. ಡ್ರಮ್ಮಿನ ಅಗಲ ಹೆಚ್ಚಿದರೆ ಬ್ರೇಕಿನ ಬಲ ಹೆಚ್ಚುವುದಿಲ್ಲ, ಅದು ಬಿಸಿಯನ್ನು ತಾಳುತ್ತದೆ, ಲೈನಿಂಗು ಹೆಚ್ಚು ದಿನ ಬಾಳುತ್ತದೆ, ಅಷ್ಟೇ. ಬಲ ಹೆಚ್ಚಿಸುವವು ಎರಡು: ಡ್ರಮ್ಮಿನ ತ್ರಿಜ್ಯ ಮತ್ತು ಸಿಲಿಂಡರಿನ ಬಾಯಿ. ತ್ರಿಜ್ಯ ನಾಲ್ಕೂವರೆಯಿಂದ ಐದೂವರೆ ಇಂಚಿಗೆ ಹೋದದ್ದರಿಂದ ಬಲ ಶೇ. 22ರಷ್ಟು ಏರಿತ್ತು. ಹಳೆಯ ಹಿಂದಿನ ಸಿಲಿಂಡರಿನ ಬಾಯಿ ಮುಕ್ಕಾಲು ಇಂಚು, ವಿಸ್ತೀರ್ಣ 0.44 ಚದರ ಇಂಚು. ಪಿಕಪ್ಪಿನಿಂದ ಬಂದದ್ದನ್ನು ವರ್ನಿಯರಿನಿಂದ ಅಳೆದರೆ ಏಳೆಂಟಾಂಶ ಇಂಚು, ವಿಸ್ತೀರ್ಣ 0.60. ಇಲ್ಲಿ ಶೇ. 36 ಏರಿಕೆ. ಎರಡನ್ನೂ ಗುಣಿಸಿದರೆ ಹಿಂದಿನ ಬ್ರೇಕಿನ ಬಲ ಒಂದೇ ಏಟಿಗೆ ಶೇ. 66 ಹೆಚ್ಚಿತ್ತು; ಮುಂದಿನದು ಇದ್ದಷ್ಟೇ ಇತ್ತು.

ಪಿಕಪ್ಪು ಹಿಂದೆ ಟನ್ನುಗಟ್ಟಲೆ ಭಾರ ಹೊರುವ ಗಾಡಿ, ಅದಕ್ಕೆ ಅಷ್ಟು ಬಲ ಬೇಕು. ನಮ್ಮ ಜೀಪಿನ ಎರಡು ಆಕ್ಸಲ್ಲುಗಳ ನಡುವಿನ ಅಂತರ 80 ಇಂಚು. ಗಾಡಿ ಗಿಡ್ಡ, ನಿಲುವು ಎತ್ತರ, ಮೇಲೆ ಬಟ್ಟೆಯ ಟಾಪು. ಬ್ರೇಕು ಹಾಕಿದ ಕೂಡಲೇ ಭಾರವೆಲ್ಲ ಮುಂದಕ್ಕೆ ವಾಲಿ ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರಕ್ಕೆ ಟ್ರಕ್ಕಿನ ಬ್ರೇಕು ಬಿದ್ದರೆ ಅದು ಮೊದಲು ಹಿಡಿದುಕೊಳ್ಳುತ್ತದೆ, ಮೊದಲು ಜಾರುತ್ತದೆ. ಹಿಂದಿನ ಚಕ್ರ ಮೊದಲು ಜಾರಿದ ಗಾಡಿ ಮುಖ ತಿರುಗಿಸುತ್ತದೆ. ಮುಂದೆ 11 ಇಂಚು ಹಾಕಿದ ಹಿಂದಿನ ಮಾಲೀಕರು ಹಿಂದಿನದನ್ನು ಮುಟ್ಟದೆ ಬಿಟ್ಟದ್ದು ಸೋಮಾರಿತನದಿಂದ ಎಂದು ನಾನು ಇಷ್ಟು ವರ್ಷ ಭಾವಿಸಿದ್ದೆ.

ಮೇಸ್ತ್ರಿಗೆ ಕಾಗದ ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, "ಹಂಗಾರ ಸಣ್ಣ ಸಿಲಿಂಡರ್ ಹುಡುಕೂಣು" ಎಂದರು. ಅದೇ ಬೋಲ್ಟಿನ ಅಂತರಕ್ಕೆ ಕೂರುವ, ಮುಕ್ಕಾಲು ಇಂಚಿನ ಬಾಯಿಯ ಹೊಸ ಜೋಡಿ ಸಿಗಲು ಒಂಬತ್ತು ದಿನ ಹಿಡಿಯಿತು, 1,480 ರೂಪಾಯಿ ಬಿತ್ತು. ಪಿಸ್ಟನ್ನಿಗೂ ಶೂಗೂ ನಡುವಿನ ಕಡ್ಡಿಯನ್ನು ಎರಡು ಮಿಲಿಮೀಟರ್ ಉದ್ದ ಮಾಡಿಸಬೇಕಾಯಿತು. ಒದ್ದೆ ರಸ್ತೆಯಲ್ಲಿ ಮತ್ತೆ ಪರೀಕ್ಷೆ ಮಾಡುವಾಗ ಗೆಳೆಯನನ್ನು ದೂರದಲ್ಲಿ ನಿಲ್ಲಿಸಿ, ಇಪ್ಪತ್ತರಿಂದ ಶುರುಮಾಡಿ ಐದೈದು ಕಿಲೋಮೀಟರ್ ವೇಗ ಹೆಚ್ಚಿಸುತ್ತ, ಯಾವ ಚಕ್ರ ಮೊದಲು ನಿಲ್ಲುತ್ತದೆ ಎಂದು ನೋಡಲು ಹೇಳಿದೆ. ಪ್ರತಿ ಸಲವೂ ಮುಂದಿನವೇ ಮೊದಲು ನಿಂತವು, ಜೀಪು ನೆಟ್ಟಗೆ ಹೋಯಿತು. ಮೊದಲ ಪರೀಕ್ಷೆಯನ್ನು ಒಣ ರಸ್ತೆಯಲ್ಲಿ ಮಾಡಿ ನಂಬಿದ್ದು ನನ್ನ ತಪ್ಪು.

ಕಾಗದಪತ್ರದ ಬಗ್ಗೆಯೂ ಎರಡು ಮಾತು. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನಮೂನೆ 25ರಲ್ಲಿ ಅರ್ಜಿ ಕೊಟ್ಟು ನವೀಕರಿಸಬೇಕು, ಆಗ ಗಾಡಿಯನ್ನು ತಪಾಸಣೆಗೆ ಒಯ್ಯಬೇಕು. ನಮ್ಮದು ಇದೇ ವರ್ಷ ಬಂದಿತ್ತು. ಮೋಟಾರು ವಾಹನಗಳ ಕಾಯ್ದೆ 1988ರ 52ನೇ ಕಲಮು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ. ನಮ್ಮ ಪತ್ರದಲ್ಲಿ ಬ್ರೇಕಿನ ಅಳತೆಯ ವಿವರವಿಲ್ಲ. ಆದರೂ ಗುಜರಿಯ ಚೀಟಿ, ಲೇಥಿನ ಮತ್ತು ಲೈನಿಂಗಿನ ರಸೀದಿಗಳನ್ನು ಒಂದು ಕಡತದಲ್ಲಿಟ್ಟುಕೊಂಡು ಹೋಗಿ ಮಾಡಿದ್ದನ್ನು ಮುಚ್ಚಿಡದೆ ಹೇಳಿದೆ. ತಪಾಸಣೆ ಮಾಡಿದವರು ಒಂದು ಸಲ ಓಡಿಸಿ, ಒಂದು ಸಲ ಕೆಳಗೆ ಬಗ್ಗಿ ನೋಡಿ ಸಹಿ ಹಾಕಿದರು. ನಿಮ್ಮ ಗಾಡಿಗೆ ಐವತ್ತು ವರ್ಷ ದಾಟಿ, 2021ರ ನಿಯಮದಂತೆ ವಿಂಟೇಜ್ ನೋಂದಣಿ ಪಡೆಯುವ ಆಸೆಯಿದ್ದರೆ, ಆ ನಿಯಮ ಮೂಲರೂಪವನ್ನು ಕೇಳುತ್ತದೆ ಎಂಬುದನ್ನು ಮೊದಲೇ ಯೋಚಿಸಿ. ನಾನು 9 ಇಂಚಿನ ಹಳೆಯ ಪ್ಲೇಟುಗಳಿಗೆ ಎಣ್ಣೆ ಬಳಿದು ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಿದ್ದೇನೆ.

ಖರ್ಚನ್ನು ಕೇಳುವವರಿಗೆ: ಗುಜರಿಗೆ 6,500, ಲೇಥಿಗೆ 2,300, ಲೈನಿಂಗಿಗೆ 1,200, ಬೇರಿಂಗು, ಸೀಲು, ಸ್ಟಡ್ಡುಗಳಿಗೆ 2,850, ಪೈಪು ಮತ್ತು ಎಣ್ಣೆಗೆ 1,750, ವ್ಯರ್ಥವಾದ ದೊಡ್ಡ ಸಿಲಿಂಡರಿನ ರಬ್ಬರಿಗೆ 420, ಸಣ್ಣ ಸಿಲಿಂಡರಿಗೆ 1,480, ಮಜೂರಿ 6,000. ಮತ್ತೊಮ್ಮೆ ಮಾಡುವುದಾದರೆ ಇದಕ್ಕಿಂತ ಮೊದಲು ಮುಂದೆ ಹಿಂದೆ ಬೇರೆ ಬೇರೆ ಎಣ್ಣೆಸಾಲಿನ ಮಾಸ್ಟರ್ ಸಿಲಿಂಡರ್ ಹಾಕಿಸುತ್ತಿದ್ದೆ; ಈಗ ದೀಪಾವಳಿಯವರೆಗೆ ಕೈ ಖಾಲಿ.

ಕಾರಹುಣ್ಣಿಮೆಯ ದಿನ ಅಣ್ಣಿಗೇರಿಗೆ ಹೋಗಿ ಬಂದೆವು. ಮರುದಿನ ಬೆಳಿಗ್ಗೆ ಆಕ್ಸಲ್ಲಿನ ನಟ್ಟಿನ ಸ್ಪ್ಲಿಟ್ ಪಿನ್ ತೆಗೆದು ಟಾರ್ಕ್ ಪಾನಾ ಹಾಕಿದೆ. ಶಂಕುವಿನ ಮೇಲೆ ಹಬ್ಬು ಓಡಾಡಿದ ಮೇಲೆ ಇನ್ನಷ್ಟು ಒಳಗೆ ಕೂರುತ್ತದೆ, ಹಾಗಾಗಿ ಈ ನಟ್ಟನ್ನು ಮೊದಲ ಓಟದ ನಂತರ ಮತ್ತೆ ಬಿಗಿಯಲೇಬೇಕು. ಪಿನ್ನಿನ ರಂಧ್ರ ಹೊಂದದಿದ್ದರೆ ಮುಂದಕ್ಕೆ ಬಿಗಿಯಬೇಕು, ಹಿಂದಕ್ಕೆ ಸಡಿಲಿಸಬಾರದು. 150 ಪೌಂಡ್-ಅಡಿಗೆ ಬಿಗಿದಿದ್ದ ಬಲಬದಿಯದು ಕದಲಲಿಲ್ಲ. ಎಡಬದಿಯದು ಕಾಲು ಸುತ್ತು ಒಳಗೆ ಹೋಯಿತು.